ನಡಿಗೆಗೊಂದು ಒಪ್ಪಿಗೆ ಪತ್ರ

ಮೊನ್ನೆ ನಮ್ಮ ದೊಡ್ಡಪ್ಪನ ಮೊಮ್ಮಗನಿಗೆ ಏನು ಪುಣ್ಯ ಕಟ್ಟಿಕೊಳ್ಳುವ ಮನಸ್ಸಾಯಿತೋ, ಅಟ್ಟದ ಮೇಲೆ ಬೂಸ್ಟು ಹಿಡಿದು ಬಿದ್ದಿದ್ದ ತನ್ನ ತಾಯಿಯ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಧಾರವಾಡಕ್ಕೆ ಒಯ್ದು, ಮೊಬೈಲಿನಲ್ಲಿ ನೋಡಲು ಬರುವ ಹಾಗೆ ಮಾಡಿಸಿ, ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ತೊಂಬತ್ತರ ದಶಕದಲ್ಲಿ ಕಿತ್ತೂರಿನಲ್ಲಿ ನಡೆದ ಮದುವೆ. ಅದರಲ್ಲಿ ನಾನೂ ಇದ್ದೇನೆ. ಹದಿನೇಳು ವರ್ಷದ ನಾನು ಶರಬತ್ತಿನ ಟ್ರೇ ಹಿಡಿದು ಹಂದರದ ಈ ಕಡೆಯಿಂದ ಆ ಕಡೆಗೆ ನಡೆದು ಹೋಗುತ್ತೇನೆ, ಅಷ್ಟೇ. ಆದರೆ ವಿಡಿಯೋದವನು ಮದುಮಕ್ಕಳನ್ನು ಅಲ್ಲಿಯೇ ಬಿಟ್ಟು ನನ್ನ ಬೆನ್ನು ಹತ್ತಿದ್ದಾನೆ. ನಾನು ಟ್ರೇ ಇಳಿಸುವವರೆಗೂ ಬಿಟ್ಟಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಹಿರಿಯರು ಅಕ್ಷತೆ ಹಾಕಿದ್ದರೆ ಅವರ ಆಶೀರ್ವಾದ ದಾಖಲೆಯಲ್ಲಿ ಇಲ್ಲ. ನನ್ನ ನಡಿಗೆ ಇದೆ. ಗುಂಪಿನಲ್ಲಿ ಹಳದಿ ಮುಖಗಳು ಸಾಲುಗಟ್ಟಿ ನಕ್ಕವು.

ನಗಲಿ ಬಿಡಿ, ಹೊಸದೇನಲ್ಲ. ನನ್ನ ನಡಿಗೆ ಆಗ ಬೈಲಹೊಂಗಲದ ಸಾರ್ವಜನಿಕ ಆಸ್ತಿಯಾಗಿತ್ತು. ಹೆಜ್ಜೆಗಳು ಸಣ್ಣವು, ಮೊಣಕೈ ಮೈ ಬಿಟ್ಟು ದೂರ ಹೋಗುವುದಿಲ್ಲ, ಮಾತಾಡುವಾಗ ನಾಲಿಗೆಗಿಂತ ಮುಂಗೈಗೇ ಹೆಚ್ಚು ಕೆಲಸ. ಇದನ್ನು ಅಧ್ಯಯನ ಮಾಡಲು ಊರಿನಲ್ಲಿ ಎಷ್ಟು ಜನ ವಿದ್ವಾಂಸರಿದ್ದರು ಅಂತೀರಿ! ಕ್ಷೌರದಂಗಡಿಯವನು ಕನ್ನಡಿಯಲ್ಲಿ ಅಧ್ಯಯನ ಮಾಡಿದ. ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತಲೇ ಅಧ್ಯಯನ ಮಾಡಿದ. ಬಸ್ಸಿನ ಕಂಡಕ್ಟರೊಬ್ಬ "ಮುಂದ ಹೋಗ್ರಿ ಅಕ್ಕಾರ" ಎಂದು ತನ್ನ ತೀರ್ಮಾನವನ್ನು ಇಡೀ ಬಸ್ಸಿಗೆ ಕೇಳುವಂತೆ ಪ್ರಕಟಿಸಿದ. ಯಾರೂ ಒಂದು ಪೈಸೆ ಸಂಬಳ ಕೇಳಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ.

ಇವರೆಲ್ಲರಲ್ಲಿ ಹಿರಿಯ ವಿದ್ವಾಂಸರು ನಮ್ಮ ದೊಡ್ಡಪ್ಪ. ಅರಳೆ ವ್ಯಾಪಾರಿ. ಮೀಸೆ ಮೊದಲು ಮನೆಗೆ ಬಂದು ಆಮೇಲೆ ಅವರು ಬರುತ್ತಿದ್ದರು. ನಾನು ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಹುಡುಗ ಕೈತಪ್ಪಿ ಹೋಗುವ ಮೊದಲು ಏನಾದರೂ ಮಾಡಬೇಕೆಂದು ತೀರ್ಮಾನಿಸಿ, ದಿನಾ ಮುಂಜಾನೆ ಅಂಗಳದಲ್ಲಿ ನನಗೆ ನಡೆಯುವುದನ್ನು ಕಲಿಸತೊಡಗಿದರು.

"ಎದಿ ಮುಂದ ಬರಲಿ! ಕೈ ಬೀಸು! ಕಾಲ ಅಗಲ ಹಾಕು! ಗಂಡಸರಂಗ ನಡಿಯಲೇ!"

ನಾನು ವಿಧೇಯ ವಿದ್ಯಾರ್ಥಿ. ಹದಿನೈದು ದಿನಗಳಲ್ಲಿ ಕಲಿತೂಬಿಟ್ಟೆ. ಫಲ ಮಾತ್ರ ವಿಚಿತ್ರವಾಗಿ ಬಂತು. ಎರಡು ಕೈಯಲ್ಲೂ ತುಂಬಿದ ಕೊಡ ಹಿಡಿದು, ತುಳುಕಿದರೆ ಏಟು ಬೀಳುತ್ತದೆಂದು ಹೆದರಿದವನು ಹೇಗೆ ನಡೆಯುತ್ತಾನೋ ಹಾಗೆ ನಡೆಯಹತ್ತಿದೆ. ಮೊದಲು ನಮ್ಮ ಓಣಿಯವರು ಮಾತ್ರ ನಗುತ್ತಿದ್ದರು. ಈಗ ಬೇರೆ ಓಣಿಯವರೂ ನೋಡಲು ಬಂದರು. ದೊಡ್ಡಪ್ಪ ಸೋಲೊಪ್ಪುವ ಜಾತಿಯಲ್ಲ. ತಪ್ಪು ತಮ್ಮ ಪಾಠದ್ದಲ್ಲ, ದೇವರದ್ದು ಎಂದುಬಿಟ್ಟರು.

"ಇವನ ಮ್ಯಾಲೆ ತಾಯಿ ಬಂದಾಳ. ಗುಡ್ಡಕ್ಕ ಬಿಟ್ಟು ಬರೂದ ಛಲೋ."

ಮಾತು ನಗೆಚಾಟಿಕೆಯಾಗಿರಲಿಲ್ಲ. ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನಿಗೆ ಒಪ್ಪಿಸಿಕೊಂಡು, ಸೀರೆ ಉಟ್ಟು, ದೇವಿಯ ಸೇವೆಯಲ್ಲಿ ಬದುಕುವ ಜೋಗಪ್ಪಗಳಿದ್ದಾರೆ. ಕೆಲವರು ತಾವಾಗಿ ಹೋದವರು. ಕೆಲವರನ್ನು ಮನೆಯವರೇ ಮರ್ಯಾದೆ ಉಳಿಸಿಕೊಳ್ಳಲು ಬಿಟ್ಟುಬಂದದ್ದು. ನಮ್ಮಪ್ಪ ಅಣ್ಣನ ಮಾತಿಗೆ ಎದುರಾಡುವವನಲ್ಲ. ಎದುರಾಡದೆ ಇರುವುದನ್ನೇ ಉದ್ಯೋಗ ಮಾಡಿಕೊಂಡವನು. ಅವ್ವ ಮರುದಿನ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ನನ್ನ ಎರಡು ಜೊತೆ ಬಟ್ಟೆ ಅವಳ ಚೀಲದಲ್ಲಿದ್ದವು. ದಾರಿಯುದ್ದಕ್ಕೂ ನಾನು ಆ ಚೀಲವನ್ನೇ ನೋಡುತ್ತ ಕುಳಿತಿದ್ದೆ.

ಗುಡ್ಡದ ಪಕ್ಕದ ಉಗರಗೋಳದಲ್ಲಿ ಒಬ್ಬ ವಯಸ್ಸಾದ ಜೋಗಪ್ಪ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ಅವ್ವ ನನ್ನನ್ನು ಅವರ ಮುಂದೆ ನಿಲ್ಲಿಸಿ, "ಮನ್ಯಾಗ ಹಿಂಗಂತಾರ. ನೀವ ನೋಡಿ ಹೇಳ್ರಿ" ಎಂದಳು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಊರಲ್ಲಿ ಅದುವರೆಗೆ ಯಾರೂ ಮಾಡದ ಒಂದು ಕೆಲಸ ಮಾಡಿದರು. ನನ್ನನ್ನೇ ಕೇಳಿದರು.

"ತಮ್ಮಾ, ನಿನಗೇನ ಬೇಕೋ?"

"ಚಿತ್ರ ತಗಿಯೂದ ಕಲೀಬೇಕ್ರಿ" ಎಂದೆ. ಅಳು ಬರುತ್ತಿತ್ತು.

ಅವರು ನಕ್ಕು ಅವ್ವನ ಕಡೆ ತಿರುಗಿದರು. "ಇಲ್ಲಿ ಬರಬೇಕಾದವರು ತಾವಾಗಿ ಬರತಾರ ತಂಗಿ, ಚೀಲದಾಗ ಬರೂದಿಲ್ಲ. ಕರಕೊಂಡ ಹೋಗು. ಸಾಲಿಗಿ ಕಳಸು."

ಅವ್ವ ಅದೇ ಬಸ್ಸಿಗೆ ನನ್ನನ್ನು ವಾಪಸು ತಂದಳು. ದೊಡ್ಡಪ್ಪನ ಮುಂದೆ ನಿಂತು, "ತಾಯಿ ಒಲ್ಲೆ ಅಂದಳ್ರಿ" ಎಂದಳು. ದೇವಿಯೇ ಒಲ್ಲೆ ಎಂದ ಮೇಲೆ ದೊಡ್ಡಪ್ಪ ಮೇಲ್ಮನವಿ ಯಾರಿಗೆ ಹಾಕಬೇಕು?

ಹೀಗೆ ನಾನು ಚಿತ್ರ ಕಲಿತು, ಎರಡು ಸಾವಿರದ ನಂತರದ ವರ್ಷಗಳಲ್ಲಿ ಸವದತ್ತಿಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾದೆ. ಅಪ್ಪ ತೀರಿಕೊಂಡಿದ್ದ. ಅವ್ವ ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಆಗ ಒಂದು ದಿನ ಶಾಲೆಗೆ ರಶ್ಮಿ ಎಂಬ ಹುಡುಗಿ ಬಂದಳು. ಮೈಸೂರು ಕಡೆಯವಳು, ಯಾವುದೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗುಡ್ಡದಲ್ಲಿ ಹಲವು ಜೋಗಪ್ಪಗಳನ್ನು ಮಾತಾಡಿಸಿ ಮುಗಿಸಿ, ಈಗ ಗುಡ್ಡಕ್ಕೆ ಹೋಗದೆ ಮನೆಗಳಲ್ಲಿಯೇ ಇರುವವರನ್ನು ಹುಡುಕುತ್ತಿದ್ದಳಂತೆ. ಸ್ಟಾಫ್ ರೂಮಿನಲ್ಲಿ ನಿಂತು, "ನನ್ನ ವಿಷಯ ಲಿಂಗತ್ವ ಅಭಿವ್ಯಕ್ತಿ" ಎಂದಳಂತೆ. ನಾನು ಆಗ ಕ್ಲಾಸಿನಲ್ಲಿದ್ದೆ. ಆ ಮಾತಿನ ಅರ್ಥ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಳಾಸ ಮಾತ್ರ ಎಲ್ಲರಿಗೂ ಗೊತ್ತಿತ್ತು. ಗಣಿತದ ಮಾಸ್ತರರು ಸ್ವತಃ ಎದ್ದು ಅವಳನ್ನು ನನ್ನ ಕೋಣೆಯ ಬಾಗಿಲವರೆಗೆ ತಂದು ಬಿಟ್ಟುಹೋದರು.

ಅವಳು ನನ್ನ ಕೈಗೆ ಎರಡು ಪುಟದ ಒಂದು ಕಾಗದ ಕೊಟ್ಟಳು. ಒಪ್ಪಿಗೆ ಪತ್ರ. ಭಾಗವಹಿಸುವುದು ಬಿಡುವುದು ತಮ್ಮ ಇಚ್ಛೆ. ಬೇಡವಾದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದು. ಹೆಸರು ಬದಲಿಸಲಾಗುವುದು. ಕಾಗದ ಓದುತ್ತ ನನಗೆ ನಗು ತಡೆಯಲಾಗಲಿಲ್ಲ.

"ಯಾಕೆ ಸರ್?" ಎಂದಳು ಗಾಬರಿಯಾಗಿ.

"ಭಾಳ ತಡಾ ಮಾಡಿ ಬಂದ್ರಿ ನೀವು" ಎಂದೆ. "ಈ ಸಂಶೋಧನಾ ಮುಗದು ಇಪ್ಪತ್ತ ವರ್ಷ ಆತು."

ಅವಳು ನಗಲಿಲ್ಲ. "ಒಂದು ವಾರ ಯೋಚನೆ ಮಾಡಿ ಸರ್. ಮುಂದಿನ ಗುರುವಾರ ಸಂಜೆ ಮನೆಗೆ ಬರ್ತೀನಿ. ಬೇಡ ಅಂದರೆ ಬೇಡ, ಅಷ್ಟೇ. ಮನೆಯವರು ಯಾರಾದರೂ ಒಬ್ಬರು ಮಾತಾಡಲು ಇಷ್ಟಪಟ್ಟರೆ ಅದೂ ಸಹಾಯ ಆಗುತ್ತೆ." ಅದೊಂದು ಆಗದ ಮಾತು ಎಂದೆ.

ಆ ವಾರ ನಾನು ಪಟ್ಟ ಪಾಡನ್ನು ಯಾವ ಹುಡುಗನಿಗೂ ಪರೀಕ್ಷೆಯಲ್ಲಿ ಕೊಟ್ಟಿಲ್ಲ. ಬೇಡ ಎನ್ನಲು ಕಾರಣಗಳಿಗೇನು ಕೊರತೆ? ನೌಕರಿ ಇತ್ತು. ಗಣಿತದ ಮಾಸ್ತರರು ಕೇಳದಿದ್ದರೂ ಸಲಹೆ ಕೊಟ್ಟರು: "ವಿಜ್ಞಾನಕ್ಕ ಅನುಕೂಲ ಆಗ್ತೈತ್ರಿ ಸರ್, ಅವಶ್ಯ ಮಾಡ್ರಿ. ಸಾಲಿ ಹೆಸರ ಅಷ್ಟ ಹಾಕಬ್ಯಾಡ್ರಿ." ಜೊತೆಗೆ ರಾಮದುರ್ಗದಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣಿನ ಕಡೆಯವರು ಅದೇ ಸೋಮವಾರ ಮನೆಗೆ ಬಂದು, ಅವಲಕ್ಕಿ ತಿಂದು, ನಾನು ಚಹಾ ಕೊಡುವುದನ್ನು ನೋಡಿ ಹೋದರು. ಬುಧವಾರ ಹೇಳಿ ಕಳಿಸಿದರು: "ಹುಡುಗ ಭಾಳ ಛಲೋ ಅದಾನ್ರಿ, ಆದ್ರ..." ಆ "ಆದ್ರ" ದಾಟಿ ವಾಕ್ಯ ಮುಂದೆ ಹೋಗಲಿಲ್ಲ. ನನಗೆ ಮದುವೆ ಬೇಕಿತ್ತೇ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ಆವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ನಾನೂ ಕೇಳಿಕೊಂಡಿರಲಿಲ್ಲ. ಬುಧವಾರ ಕೇಳಿಕೊಂಡೆ. ಮನಸ್ಸು ಎಷ್ಟು ಹಗುರಾಯಿತೆಂದರೆ, ಅಷ್ಟು ಹಗುರಾಗಬಾರದಿತ್ತು ಎಂದು ನಾಚಿಕೆಯೂ ಆಯಿತು.

ಆದರೆ ನಿಜವಾದ ಹೆದರಿಕೆ ಅದ್ಯಾವುದೂ ಅಲ್ಲ. ರಶ್ಮಿ ಕೇಳುತ್ತಾಳೆ, ನಾನು ಉತ್ತರ ಹುಡುಕಬೇಕು. ಊರವರು ನನ್ನನ್ನು ಏನೆನ್ನುತ್ತಾರೆ ಎಂಬುದು ನನಗೆ ಬಾಯಿಪಾಠ. ನಾನು ನನ್ನನ್ನು ಏನೆನ್ನುತ್ತೇನೆ ಎಂಬ ಪುಟ ಖಾಲಿ ಇತ್ತು. ಅದನ್ನು ಮೈಸೂರಿನ ಹುಡುಗಿಯ ಮುಂದೆ ತೆರೆದು ತೋರಿಸಬೇಕೇ?

ಕೊನೆಗೆ ಗುರುವಾರ ಸಂಜೆ ಗಂಡಸಿಗೆ ತಕ್ಕ ಒಂದು ಧೈರ್ಯದ ನಿರ್ಧಾರ ಮಾಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಅಡಗಿಕೊಂಡೆ. ಮೂರು ಕಪ್ ಚಹಾ ಕುಡಿದು, ಅವಳು ಕಾದು ಬೇಸತ್ತು ಹೋಗಿರುತ್ತಾಳೆಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದೆ. ರಶ್ಮಿ ಪಡಸಾಲೆಯಲ್ಲಿ ಕುಳಿತು ಟೇಪ್‌ರೆಕಾರ್ಡರಿನಿಂದ ಎರಡನೆಯ ಕ್ಯಾಸೆಟ್ ತೆಗೆಯುತ್ತಿದ್ದಳು. ಅವ್ವ ಎದುರಿಗೆ ಕಾಲು ಚಾಚಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅತ್ತದ್ದೋ ನಕ್ಕದ್ದೋ ತಿಳಿಯಲಿಲ್ಲ.

"ನೀ ಬರಲಿಲ್ಲಲ್ಲ, ನಾನ ಸಹಿ ಮಾಡಿದ್ನಿ" ಎಂದಳು ಅವ್ವ. "ಪಾಪ, ಅಷ್ಟ ದೂರದಿಂದ ಬಂದಾಳ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ರಶ್ಮಿಯನ್ನು ಬಾಗಿಲಾಚೆ ಕರೆದು, "ಏನ ಹೇಳಿದ್ಲು ನಮ್ಮವ್ವ?" ಎಂದೆ.

"ಹೇಳೋ ಹಾಗಿಲ್ಲ ಸರ್."

"ನನ್ನ ತಾಯಿರಿ ಅಕಿ! ನನ್ನ ವಿಷಯ!"

"ಅವರ ಮಾತು ಅವರದು ಸರ್. ನಿಮ್ಮ ಬಗ್ಗೆ ಹೇಳಿದ್ದನ್ನು ನೀವು ಒಪ್ಪದಿದ್ದರೆ ಬಳಸಲ್ಲ. ಆದರೆ ಏನು ಹೇಳಿದರು ಅಂತ ನಿಮಗೂ ಹೇಳಲ್ಲ."

ನಾನು ಬಾಗಿಲಲ್ಲಿಯೇ ನಿಂತೆ. ನೋಡಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನ ಬಗ್ಗೆ ಒಂದು ಸಂಗತಿ ತಿಳಿದೂ ಬಾಯಿ ಮುಚ್ಚಿಕೊಂಡಿರುವ ಮನುಷ್ಯಪ್ರಾಣಿಯನ್ನು ನಾನು ಕಾಣುತ್ತಿದ್ದೆ. ನನ್ನ ಸಿಟ್ಟು ಹಾಗೇ ಇಳಿಯಿತು. ಜೇಬಿನಲ್ಲಿ ಒಂದು ವಾರದಿಂದ ಮಡಚಿ ಇಟ್ಟಿದ್ದ ಕಾಗದ ತೆಗೆದು ಸಹಿ ಮಾಡಿಕೊಟ್ಟೆ.

ಮರುವಾರ ಬಂದು ಬಹಳ ಕೇಳಿದಳು. ಕೊನೆಗೊಂದು ಹಾಳೆ ಕೊಟ್ಟಳು. ಎರಡು ಗೆರೆ, ಪ್ರತಿ ಗೆರೆಯ ಮೇಲೆ ಏಳು ಚೌಕ, ಒಂದು ತುದಿಗೆ ಗಂಡಸು, ಇನ್ನೊಂದು ತುದಿಗೆ ಹೆಂಗಸು. ಬೇರೆಯವರು ನಿಮ್ಮನ್ನು ಎಲ್ಲಿ ಕಾಣುತ್ತಾರೆ? ಕಣ್ಣು ಮುಚ್ಚಿ ಗುರುತು ಹಾಕಿದೆ. ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ? ಪೆನ್ನು ಹಿಡಿದು ಕುಳಿತೆ. ಅವಳು ಗಡಿಯಾರ ನೋಡಲಿಲ್ಲ. ಅವ್ವ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿ, ಮುಗಿದೂ ಹೋಯಿತು. ಆಮೇಲೆ ಹಾಕಿದೆ. ಎಲ್ಲಿ ಹಾಕಿದೆ ಎಂದು ನಿಮಗೆ ಹೇಳುವುದಿಲ್ಲ. ನೀವು ನನ್ನಿಂದ ಸಹಿ ಮಾಡಿಸಿಕೊಂಡಿಲ್ಲ.

ಆಕಾಶವೇನೂ ಕಳಚಿ ಬೀಳಲಿಲ್ಲ. ನೌಕರಿ ಉಳಿಯಿತು. ಎರಡು ವರ್ಷಗಳ ಮೇಲೆ ಪ್ರಬಂಧದ ಒಂದು ಪ್ರತಿ ಅಂಚೆಯಲ್ಲಿ ಬಂತು. ಅದರಲ್ಲಿ ರಶ್ಮಿ ನನಗಿಟ್ಟ ಬದಲಿ ಹೆಸರು ಭೀಮಪ್ಪ. ದೊಡ್ಡಪ್ಪನಿಗೆ ತೋರಿಸಬೇಕೆನಿಸಿತು, ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವ್ವ ಹೇಳಿದ್ದೇನೆಂದು ಹುಡುಕಿದೆ. ಸಿಕ್ಕಲಿಲ್ಲ. ಎರಡು ಕ್ಯಾಸೆಟ್ ತುಂಬ ನನ್ನ ಬಗ್ಗೆ ಏನಿರಬಹುದು ಎಂಬುದು ನನ್ನೊಳಗೆ ವರ್ಷಗಟ್ಟಲೆ ಕೊರೆಯುತ್ತಲೇ ಇತ್ತು. ಕೇಳುವ ಧೈರ್ಯ ಬರಲಿಲ್ಲ.

ಈಗ ಅವ್ವನಿಗೆ ಎಂಬತ್ತರ ಹತ್ತಿರ. ಮೊನ್ನೆ ಆ ಮದುವೆಯ ವಿಡಿಯೋ ನೋಡಿ, ಮೊಬೈಲು ಬದಿಗಿಟ್ಟು ಕೇಳಿಯೇಬಿಟ್ಟೆ.

"ಯವ್ವಾ, ಆ ರಶ್ಮಿ ಮುಂದ ನನ್ನ ಬಗ್ಗೆ ಅಷ್ಟೊತ್ತು ಏನ ಹೇಳಿದಿಬೇ?"

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿಂದೇನೈತೋ ಅಷ್ಟ ಹೇಳಾಕ? ನಿಂದು ಕಾಲು ತಾಸಿನ್ಯಾಗ ಮುಗೀತು. ಉಳಿದದ್ದೆಲ್ಲಾ ನಂದು."

ನಾನು ಬೆಪ್ಪಾದೆ. ಇಷ್ಟು ವರ್ಷ ಆ ಸಂಶೋಧನೆಯ ವಿಷಯ ನಾನೊಬ್ಬನೇ ಎಂದುಕೊಂಡು ಎಂಥ ಗತ್ತಿನಲ್ಲಿದ್ದೆ!

"ನಿಂದೇನಿತ್ತು?"

"ದೊಡವಾಡದಾಗ ನಮ್ಮಪ್ಪನ ಎತ್ತು ನಾನ ಮೇಸತಿದ್ನಿ. ಎರಡ ಬೆರಳ ಬಾಯಾಗಿಟ್ಟು ಸೀಟಿ ಹೊಡದ್ರ ಎಲ್ಲೇ ಇರಲಿ, ತಿರಿಗಿ ಬರತಿದ್ದೂ. ಊರಾಗ ಗಂಡ ಹುಡುಗೂರಿಗೂ ಹಂಗ ಬರತಿದ್ದಿಲ್ಲ. ಲಗ್ನ ಆದ ಮೂರನೇ ದಿನಾ ಬೈಲಹೊಂಗಲದ ಮನಿ ಅಂಗಳದಾಗ ಒಂದ ಸಲ ಹೊಡದೆ. ನಿಮ್ಮಜ್ಜಿ ಬಾಯಿಗೆ ಬಿಸಿ ಸೌಟು ತಂದು ಹಿಡದ್ಲು. ಸುಡಲಿಲ್ಲ, ಅಂಜಿಸಿದ್ಲು ಅಷ್ಟ. ಮತ್ತ ಹೊಡೀಲಿಲ್ಲ." ಆಮೇಲೆ ಸೇರಿಸಿದಳು: "ಅಕಿ ಕೇಳಿದ್ಲು, ಅದಕ್ಕ ಹೇಳಿದ್ನಿ. ನೀವ್ಯಾರೂ ಕೇಳಲಿಲ್ಲ."

ನನ್ನನ್ನು ಯಾರೂ ಕೇಳಲಿಲ್ಲವೆಂದು ಅರ್ಧ ಆಯುಷ್ಯ ಅಳುತ್ತ ಕುಳಿತವನು, ಒಂದೇ ಸೂರಿನಡಿ ಇದ್ದವಳನ್ನು ಒಂದು ದಿನವೂ ಕೇಳಿರಲಿಲ್ಲ.

"ಈಗ ಹೊಡಿಬೇ" ಎಂದೆ.

"ಹಲ್ಲಿಲ್ಲ, ಏನಿಲ್ಲ..." ಎನ್ನುತ್ತಲೇ ಎರಡು ಬೆರಳನ್ನು ಬಾಯಿಗೆ ಇಟ್ಟಳು. ಬರೀ ಗಾಳಿ ಬಂತು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಇಟ್ಟಳು.