ಮೂರು ಕಡೆ ಸೋರುವ ವ್ಯಾನು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಪೌಡರ್ ಅಣ್ಣ ಎಂದೇ ಕರೆಯುತ್ತಿದ್ದರು. ಮುಖಕ್ಕೆ ಪೌಡರ್ ಬಳಿದುಕೊಳ್ಳುವ ಶೋಕಿ ಅವನಿಗಿತ್ತು ಅಂತ ತಿಳಿಯಬೇಡಿ. ಮದುವೆಯ ದಿನವೂ ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತೆಂದು ಅವನ ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಅವನು ಪೌಡರ್ ಹಾಕುತ್ತಿದ್ದದ್ದು ಎಂಜಿನ್ನುಗಳಿಗೆ. ಹಳೆಯ ಗಾಡಿಯೊಂದು ಎಲ್ಲಿಂದಲೋ ಆಯಿಲ್ ಸೋರುತ್ತಿದೆ ಎಂದು ಬಂದರೆ, ಮೊದಲು ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸುವನು. ಆಮೇಲೆ ಮಕ್ಕಳಿಗೆ ಹಾಕುವ ಪೌಡರನ್ನು ಮೇಲಿಂದ ಕೆಳಗೆ ತೆಳ್ಳಗೆ ಉದುರಿಸಿ, ಹತ್ತು ನಿಮಿಷ ಓಡಿಸಿಕೊಂಡು ಬರುವನು. ಬಿಳಿಯ ಮೇಲೆ ಎಲ್ಲಿ ಕಪ್ಪು ಗೆರೆ ಮೂಡಿತೋ ಅಲ್ಲೇ ಸೋರಿಕೆ. "ಆಯಿಲ್ ಕೆಳಗಿಳಿಯುತ್ತೆ, ಮೇಲೆ ಹತ್ತಲ್ಲ. ನೆಲದ ಮೇಲಿನ ಕಲೆ ನೋಡಿ ಸ್ಪ್ಯಾನರ್ ಎತ್ತೋನು ಮೆಕ್ಯಾನಿಕ್ಕೇ ಅಲ್ಲ" ಎನ್ನುವುದು ಅವನ ಮಾತು. ದಿನಕ್ಕೊಮ್ಮೆಯಾದರೂ ಇದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ರಸ್ತೆಯ ಆಚೆಬದಿಯ ಶೆಡ್ಡು ಅವನ ತಮ್ಮನದು. ಅಪ್ಪ ಹೋದಾಗ ಈ ತಮ್ಮನಿಗೆ ಹನ್ನೊಂದು ವರ್ಷ. ಅಣ್ಣನೇ ಓದಿಸಿದ, ಓದು ತಲೆಗೆ ಹತ್ತದಾದಾಗ ಕೈಗೆ ಸ್ಪ್ಯಾನರ್ ಕೊಟ್ಟ. ಹದಿನೆಂಟು ವರ್ಷ ಇಬ್ಬರೂ ಒಂದೇ ಸೂರಿನಡಿ, ಒಂದೇ ಗಾಡಿಯ ಎರಡು ಬದಿಗೆ ಬಗ್ಗಿ ಕೆಲಸ ಮಾಡಿದವರು. ಎರಡು ವರ್ಷದ ಹಿಂದೆ ತಮ್ಮ, ಗಾಡಿಯ ತೊಂದರೆ ಓದಿ ಹೇಳುವ ಮಷೀನೊಂದನ್ನು ತರೋಣ ಎಂದ. "ಯಾಕೆ, ನನ್ನ ಕಣ್ಣು ಹೋಯ್ತಾ?" ಎಂದ ಅಣ್ಣ. ಮಾತಿಗೆ ಮಾತು ಬೆಳೆಯಿತು. ಬಾಗಿಲು ಎಲ್ಲಿದೆ ಎಂದು ಅಣ್ಣ ಕೈ ಮಾಡಿ ತೋರಿಸಿದ, ತಮ್ಮ ಅದೇ ಬಾಗಿಲಿನಿಂದ ಹೊರಟು ರಸ್ತೆ ದಾಟಿದ. ಅವತ್ತಿನಿಂದ ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ.

ಬೀದಿಯ ತುದಿಯ ಆಸ್ಪತ್ರೆಯವರು ಆ ತಿಂಗಳು ಅಲ್ಲಿನ ಮೂರು ಗಾಡಿಗಳ ರಿಪೇರಿಯನ್ನು ಒಬ್ಬರಿಗೇ ವಹಿಸಬೇಕೆಂದಿದ್ದರು. ತಮ್ಮನ ಹೆಸರು ಮುಂದಿತ್ತು. ಅವನಿಗೆ ಆ ಕೆಲಸ ಬೇಕೇ ಬೇಕಾಗಿತ್ತು. ಶೆಡ್ಡು ನಿಲ್ಲುವುದೋ ಮುಚ್ಚುವುದೋ ಅದರ ಮೇಲಿತ್ತು. ಪೌಡರ್ ಅಣ್ಣನಿಗೆ ಆ ಕೆಲಸ ಬೇಕಿರಲಿಲ್ಲ, ಮೂರು ದೊಡ್ಡ ಗಾಡಿಗಳ ಅಡಿಗೆ ನುಸುಳುವ ವಯಸ್ಸು ಅವನದಲ್ಲ. ಆದರೆ ತನಗೆ ಬೇಡವಾದದ್ದು ತಮ್ಮನಿಗೆ ಸಿಗುವುದೂ ಅವನಿಗೆ ಬೇಡವಾಗಿತ್ತು. ಇಂಥ ಬುದ್ಧಿಗೆ ಏನು ಹೆಸರಿಡಬೇಕೋ ನೀವೇ ಇಡಿ. ತನ್ನ ಶೆಡ್ಡಿನ ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಕೂತು, ಎದುರಿನವರಿಗೆ ಕೇಳುವಷ್ಟು ಗಟ್ಟಿಯಾಗಿ ಅವನು ಹೇಳುತ್ತಿದ್ದ: "ಲಾಂಡ್ರಿ ವ್ಯಾನಿಗೆ ಎರಡು ಸಲ ಗೇರ್ ಬಾಕ್ಸ್ ಇಳಿಸಿ ಆಯಿಲ್ ತಡೆಯೋ ಹೊಸ ಸೀಲ್ ಹಾಕಿದಾನಂತೆ. ಇನ್ನೂ ಸೋರ್ತಾನೇ ಇದೆ. ಇಂಥೋನ ಕೈಗೆ ಆಸ್ಪತ್ರೆ ಗಾಡಿ ಕೊಟ್ರೆ ರೋಗಿ ದಾರೀಲೇ ವಾಸಿಯಾಗಬೇಕು, ಅಷ್ಟೇ." ಬೆಂಚಿನವರು ನಕ್ಕರು. ಎದುರಿನ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಆ ಲಾಂಡ್ರಿ ವ್ಯಾನೇ ಒಂದು ಬೆಳಿಗ್ಗೆ ಪೌಡರ್ ಅಣ್ಣನ ಶೆಡ್ಡಿನ ಮುಂದೆ ಬಂದು ನಿಂತಿತು. ಅದರ ಒಡತಿ ಲಾಂಡ್ರಿ ಅಕ್ಕ, ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು ಕೊಡುವವಳು. ಇಪ್ಪತ್ತೆರಡು ವರ್ಷದ ಹಳೆಯ ವ್ಯಾನು ಅವಳದು.

"ಅಣ್ಣಾ, ಇನ್ನು ನನ್ನ ಕೈಲಾಗಲ್ಲ. ಆಸ್ಪತ್ರೆ ಅಂಗಳಕ್ಕೆ ಹೊಸ ಕಲ್ಲು ಹಾಸಿದಾರೆ. ನಿಮ್ಮ ವ್ಯಾನು ಬಂದ ಕಡೆಯೆಲ್ಲ ಕಪ್ಪು ಬೊಟ್ಟು ಇಟ್ಟು ಹೋಗುತ್ತೆ ಅಂತ ಗೇಟಿನವನು ಒಳಗೇ ಬಿಡ್ತಿಲ್ಲ" ಎಂದಳು.

"ಮೊದಲೇ ನನ್ನ ಹತ್ರ ಬರಬೇಕಿತ್ತು."

"ಬಂದಿದ್ದೆ. ನೀವು ಮಗಳ ಬಾಣಂತನ ಅಂತ ಬೀಗ ಹಾಕ್ಕೊಂಡು ಹೋಗಿದ್ರಿ. ಅದಕ್ಕೇ ಎದುರುಗಡೆ ಕೊಟ್ಟೆ. ಪಾಪ, ನಿಮ್ಮ ತಮ್ಮ ಎರಡನೇ ಸಲ ಒಂದು ಪೈಸೆನೂ ತಗೊಳ್ಳಲಿಲ್ಲ."

"ತಗೊಳ್ಳೋಕೆ ಮುಖ ಬೇಕಲ್ಲ" ಎಂದು ಪೌಡರ್ ಅಣ್ಣ ಬಾನೆಟ್ ಎತ್ತಿದ. ಅವಳು ಟೀ ಅಂಗಡಿಯ ಬೆಂಚಿಗೆ ಹೋಗಿ ಕೂತಳು.

ಒಳಗೊಳಗೇ ಅವನಿಗೆ ಖುಷಿ. ತಮ್ಮನ ತಪ್ಪನ್ನು ಬೆರಳಿಟ್ಟು ತೋರಿಸುವ ಅವಕಾಶ ಮನೆ ಬಾಗಿಲಿಗೇ ಬಂದಿತ್ತು. ಎಂದಿಗಿಂತ ಶ್ರದ್ಧೆಯಿಂದ ಎಂಜಿನ್ ತೊಳೆದ, ಒರೆಸಿದ, ಪೌಡರ್ ಉದುರಿಸಿದ, ಒಂದು ಸುತ್ತು ಓಡಿಸಿಕೊಂಡು ಬಂದ. ದೀಪ ಹಿಡಿದು ಬಗ್ಗಿ ನೋಡಿದರೆ ಕಪ್ಪು ಗೆರೆ ಒಂದಲ್ಲ, ಮೂರು. ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಅಂಚಿನಲ್ಲಿ ಒಂದು, ಮುಂದಿನ ಸೀಲಿನ ಹತ್ತಿರ ಒಂದು, ಹಿಂದೆ ಗೇರ್ ಬಾಕ್ಸ್ ಕೂಡುವಲ್ಲಿ, ತಮ್ಮ ಸೀಲ್ ಹಾಕಿದ ಜಾಗದಲ್ಲಿ, ಇನ್ನೊಂದು.

ಅವನು ಸ್ಟೂಲ್ ಎಳೆದುಕೊಂಡು ಕೂತ. ಸೀಲ್ ಹಳೆಯದಾದರೆ ಒಂದು ಕಡೆ ಸೋರುತ್ತದೆ. ಮೂರು ದಿಕ್ಕಿನಲ್ಲಿ ಒಟ್ಟಿಗೆ ಸೋರುತ್ತಿದೆ ಎಂದರೆ ಯಾವ ಸೀಲಿನದೂ ತಪ್ಪಲ್ಲ, ಒಳಗಿನಿಂದ ಏನೋ ನೂಕುತ್ತಿದೆ. ಎಂಜಿನ್ ಚಾಲೂ ಮಾಡಿ ಆಯಿಲ್ ತುಂಬುವ ಬಾಯಿಯ ಮುಚ್ಚಳ ಸಡಿಲಿಸಿದ. ಮುಚ್ಚಳ ಕುಕ್ಕರಿನ ಮೇಲಿನ ವೆಯ್ಟಿನ ಹಾಗೆ ಕುಣಿಯಿತು; ಅಂಗೈ ಮುಚ್ಚಿ ಹಿಡಿದರೆ ಬಿಸಿ ಗಾಳಿ ಅಂಗೈಯನ್ನೇ ಎತ್ತಿ ಹಾಕಿತು. ಎಂಜಿನ್ನು ಒಳಗಿನ ಗಾಳಿಯನ್ನು ಹೊರಗೆ ಬಿಡಲು ಬ್ರೀದರ್ ಎಂಬ ಪೈಪು ಇರುತ್ತದೆ. ಮನುಷ್ಯನಿಗೆ ಮೂಗು ಇದ್ದಂತೆ ಅದು. ಅದು ಕಟ್ಟಿದರೆ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ಆಯಿಲನ್ನು ಹೊರಗೆ ದಬ್ಬುತ್ತದೆ, ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ. "ಇಷ್ಟೂ ಗೊತ್ತಾಗಲಿಲ್ವಲ್ಲ ಮುಟ್ಠಾಳನಿಗೆ" ಎಂದುಕೊಂಡು, ಎಂಜಿನ್ ಆರಿಸಿ ಪೈಪನ್ನು ಎಳೆದ.

ಪೈಪು ಚೊಕ್ಕವಾಗಿತ್ತು. ಅದು ಕೂರುವ ಕೊಳವೆಯ ಬಾಯೊಳಗೆ ಏನೋ ಕಪ್ಪಗೆ ಸಿಕ್ಕಿಕೊಂಡಿತ್ತು. ಮೂತಿ ಚೂಪಾದ ಇಕ್ಕಳ ಹಾಕಿ ಮೆಲ್ಲಗೆ ಹೊರಗೆಳೆದ. ಒಂದು ಬಟ್ಟೆಯ ಚೂರು, ಜಿಡ್ಡು ಕುಡಿದು ಗಟ್ಟಿಯಾಗಿತ್ತು. ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ ಹಿಂಡಿದಾಗ ಅದರಲ್ಲಿ ಹಸಿರು ಎಲೆಗಳು ಕಂಡವು.

ಆ ಎಲೆಗಳನ್ನು ಅವನು ಒಂಬತ್ತು ವರ್ಷ ದಿನಾ ನೋಡಿದ್ದ. ಅವನ ಮನೆಯ ಕಿಟಕಿ ಪರದೆ ಅದು. ಹೋದ ವರ್ಷ ಹೆಂಡತಿ ಅದನ್ನು ಬಿಚ್ಚಿ, ಕತ್ತರಿಸಿ, ಗ್ಯಾರೇಜಿನ ಒರೆಸುವ ಬಟ್ಟೆಗೆಂದು ಕಟ್ಟಿ ಕೊಟ್ಟಿದ್ದಳು. ತಮ್ಮ ಅಷ್ಟರಲ್ಲಾಗಲೇ ಬೇರೆಯಾಗಿದ್ದ, ಈ ಬಟ್ಟೆ ಎದುರಿನ ಶೆಡ್ಡಿಗೆ ಹೋದದ್ದೇ ಇಲ್ಲ. ಒರೆಸಲು ತಮ್ಮ ಪೇಟೆಯಿಂದ ಹತ್ತಿಯ ನೂಲುಂಡೆ ತರುತ್ತಾನೆ.

ಆಗ ಎಲ್ಲವೂ ನೆನಪಾಯಿತು. ಎಂಟು ತಿಂಗಳ ಹಿಂದೆ ಇದೇ ವ್ಯಾನಿನ ಬ್ರೀದರ್ ಪೈಪನ್ನು ಬಿಚ್ಚಿ ತೊಳೆದವನು ತಾನೇ. ಒಳಗೆ ಧೂಳು ಬೀಳದಿರಲಿ ಎಂದು ಕೊಳವೆಯ ಬಾಯಿಗೆ ಬಟ್ಟೆ ತುರುಕಿದ್ದ. ಬಾಲ ಹೊರಗೆ ಕಾಣುವಂತೆ ಉದ್ದ ಬಟ್ಟೆಯನ್ನೇ ತುರುಕಬೇಕು, ಮರೆಯಬಾರದು ಎಂದು ತಮ್ಮನಿಗೆ ಹದಿನೆಂಟು ವರ್ಷ ಪಾಠ ಹೇಳಿದವನು ಅವತ್ತು ಕೈಗೆ ಸಿಕ್ಕ ಚಿಕ್ಕ ಚೂರನ್ನು ತುರುಕಿದ್ದ. ಅಷ್ಟರಲ್ಲಿ ಅಳಿಯನ ಫೋನು, ಮಗಳನ್ನು ಆಸ್ಪತ್ರೆಗೆ ಸೇರಿಸಿದೀವಿ ಎಂದು. ಗಡಿಬಿಡಿಯಲ್ಲಿ ಪೈಪು ಸಿಕ್ಕಿಸಿ ಬಾನೆಟ್ ಮುಚ್ಚಿ ಓಡಿದ್ದ. ಬಟ್ಟೆ ಮೊದಮೊದಲು ಅಷ್ಟಿಷ್ಟು ಗಾಳಿ ಬಿಟ್ಟು, ಜಿಡ್ಡು ಕಟ್ಟುತ್ತಾ ಹೋದಂತೆ ಪೂರಾ ಮುಚ್ಚಿಹೋಗಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಅವನು ಇಡೀ ಬೀದಿಯನ್ನು ಸೇರಿಸಿ ತಮ್ಮನ ಎಲೆಯ ನೊಣ ತೋರಿಸಿದ್ದ.

ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಅದನ್ನೂ ಮುಚ್ಚಿಡಬಾರದು: ಯಾರೂ ನೋಡಿಲ್ಲ. ಬಟ್ಟೆಯನ್ನು ಜೇಬಿಗೆ ಹಾಕಿಕೊಂಡ. ಪೈಪು ಕೂರಿಸಿದ. ಮತ್ತೆ ಎಂಜಿನ್ ತೊಳೆದು, ಪೌಡರ್ ಹಾಕಿ, ಈ ಸಲ ಅರ್ಧ ಗಂಟೆ ಓಡಿಸಿಕೊಂಡು ಬಂದ. ಮೇಲೆ ಒಣಗಿತ್ತು. ಮುಂದೆ ಒಣಗಿತ್ತು. ಹಿಂದೆ, ತಮ್ಮ ಕೂರಿಸಿದ ಸೀಲಿನ ಜಾಗದಲ್ಲಿ, ಪೌಡರ್ ಹಾಕಿದ್ದು ಹಾಕಿದ ಹಾಗೇ ಬೆಳ್ಳಗಿತ್ತು. ಅಷ್ಟು ತಿಂಗಳ ಒತ್ತಡ ತಡೆದೂ ಆ ಸೀಲು ಕೆಟ್ಟಿರಲಿಲ್ಲ. ಕೆಲಸ ಅಂದರೆ ಹಾಗೆ ಮಾಡಬೇಕು.

ಲಾಂಡ್ರಿ ಅಕ್ಕ ಬಂದು ನೆಲ ನೋಡಿದಳು, ಒಂದು ಹನಿಯಿಲ್ಲ. ಅವಳ ಮುಖ ಅರಳಿತು. "ನೋಡಿ, ಹಳೇ ಕೈ ಹಳೇ ಕೈಯೇ! ನಿಮ್ಮ ತಮ್ಮನೇ ಏನೋ ಎಡವಟ್ಟು ಮಾಡಿದ್ದ ಅಲ್ವಾ? ಈಗ ಸೀದಾ ಆಸ್ಪತ್ರೆಗೇ ಹೋಗ್ತಿದೀನಿ. ಅಲ್ಲಿನ ಸ್ಟೋರಿನವರು ನನ್ನ ಕೇಳಿದ್ರು, ಆ ಹುಡುಗನ ಕೆಲಸ ಹೇಗೆ ಅಂತ. ಬೇಡವೇ ಬೇಡ ಅಂತ ಹೇಳಿಬಿಡ್ತೀನಿ."

"ಹೂಂ" ಅಂದಿದ್ದರೆ ಸಾಕಿತ್ತು. ಅದನ್ನೂ ಅನ್ನದೆ ಸುಮ್ಮನಿದ್ದರೂ ಸಾಕಿತ್ತು. ಅವಳು ಬೀಗದ ಕೈ ತಗೊಂಡು ವ್ಯಾನು ಹತ್ತಿ ಕೂತಳು.

"ಅಕ್ಕಾ, ಒಂದು ನಿಮಿಷ ಇಳೀರಿ. ನನ್ನ ಜೊತೆ ಬನ್ನಿ" ಎಂದ ಪೌಡರ್ ಅಣ್ಣ.

ಎರಡು ವರ್ಷದಲ್ಲಿ ಮೊದಲ ಸಲ ಅವನು ರಸ್ತೆ ದಾಟಿದ. ಟೀ ಅಂಗಡಿಯ ಬೆಂಚಿನವರು ಲೋಟ ಹಿಡಿದುಕೊಂಡೇ ಎದ್ದು ಹಿಂದೆ ಬಂದರು, ಜಗಳ ನೋಡುವ ಆಸೆ ಯಾರಿಗಿಲ್ಲ? ತಮ್ಮ ಒಂದು ಕಾರಿನ ಅಡಿಯಲ್ಲಿದ್ದ, ಎರಡು ಕಾಲು ಮಾತ್ರ ಹೊರಗಿದ್ದವು. ಅಣ್ಣನ ದನಿ ಕೇಳಿ ಹೊರಗೆ ಜರುಗಿ, ನೆಲದ ಮೇಲೇ ಎದ್ದು ಕೂತ.

ಪೌಡರ್ ಅಣ್ಣ ಜೇಬಿನಿಂದ ಬಟ್ಟೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. "ಇದು ಇವರ ವ್ಯಾನಿನ ಬ್ರೀದರಿನಲ್ಲಿತ್ತು. ತುರುಕಿ ಮರೆತಿದ್ದು ನಾನು. ಇವನ ಸೀಲು ಎರಡು ಸಲಾನೂ ಸರಿಯಾಗೇ ಇತ್ತು, ಈಗಲೂ ಇದೆ. ನಾನು ಬೆಂಚಿನ ಮೇಲೆ ಕೂತು ಆಡಿದ್ದೆಲ್ಲ ಸುಳ್ಳು. ಅಕ್ಕಾ, ಆಸ್ಪತ್ರೆಯವರಿಗೆ ಇದನ್ನೇ ಹೇಳಿ. ನಾನೇ ಹೇಳಿದೆ ಅಂತ ಹೇಳಿ."

ಯಾರೂ ನಗಲಿಲ್ಲ. ತಮ್ಮ ಆ ಬಟ್ಟೆಯ ಚೂರನ್ನೇ ನೋಡುತ್ತಿದ್ದ. ಅಣ್ಣ ಅಭ್ಯಾಸಬಲದಿಂದ ಗದರಿಕೊಂಡ: "ಅಲ್ಲ ಕಣೋ, ಎರಡು ಸಲ ಗೇರ್ ಬಾಕ್ಸ್ ಇಳಿಸಿದೀಯ, ಬ್ರೀದರ್ ಒಂದು ಬಿಚ್ಚಿ ನೋಡೋಕೆ ನಿನಗೇನಾಗಿತ್ತು? ನಾನು ಹೇಳಿಕೊಟ್ಟಿರಲಿಲ್ವಾ?"

"ಮೊದಲು ಅಲ್ಲಿಗೇ ಕೈ ಹಾಕಿದ್ದೆ" ಎಂದ ತಮ್ಮ. "ಅದನ್ನ ನಿಮ್ಮಣ್ಣನೇ ಬಿಚ್ಚಿ ತೊಳೆದು ಹಾಕಿದಾರೆ ಅಂತ ಅಕ್ಕ ಅಂದ್ರು. ನೀನು ಹಾಕಿದ್ದು ಅಂದ್ಮೇಲೆ ಇನ್ನೇನು ನೋಡೋದು ಅಂತ ಬಿಟ್ಟೆ."