ಕ್ರ್ಯಾಂಕಿಲ್ಲದ ಎಂಜಿನ್ನೂ ಗುಬ್ಬಿಯ ಗಂಗತ್ತೆಯೂ

ಮೊನ್ನೆ ನಾನು ಪಾಠ ಮಾಡುವ ತುಮಕೂರಿನ ಕಾಲೇಜಿನಲ್ಲಿ ಕುಣಿಗಲ್ಲಿನ ನಂದಿನಿ ಸೆಮಿನಾರ್ ಕೊಡುತ್ತಿದ್ದಳು. ವಿಷಯ ಫ್ರೀ ಪಿಸ್ಟನ್ ಎಂಜಿನ್. ಪಿಸ್ಟನ್ನಿನ ಓಟವನ್ನು ಚಕ್ರದ ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್ ಇಲ್ಲ, ಅವೆರಡನ್ನೂ ಜೋಡಿಸುವ ಕನೆಕ್ಟಿಂಗ್ ರಾಡ್ ಇಲ್ಲ. ಪಿಸ್ಟನ್ನು ಯಾರ ಹಂಗೂ ಇಲ್ಲದೆ ಸಿಲಿಂಡರಿನೊಳಗೆ ಹೋಗಿ ಬರುತ್ತದೆ, ಆ ಓಡಾಟದಿಂದಲೇ ಕರೆಂಟು ತೆಗೆಯಬಹುದು. ಚೆನ್ನಾಗಿಯೇ ಹೇಳಿದಳು.

"ಸರಿಯಮ್ಮ, ಎಲ್ಲಿ ನಿಲ್ಲಬೇಕು ಅಂತ ಆ ಪಿಸ್ಟನ್ನಿಗೆ ಹೇಳೋರು ಯಾರು?" ಎಂದೆ.

ಹುಡುಗಿ ನೋಟ್ಸಿನ ಹಾಳೆ ತಿರುವತೊಡಗಿದಳು. ಈ ಸೆಮಿನಾರಿನಲ್ಲಿ ಫೇಲಾದರೆ ಮತ್ತೆ ಆರು ತಿಂಗಳು ಕಾಯಬೇಕು. ನನಗೋ, ಅಲ್ಲಿ ಇಲ್ಲದ ವಾಸನೆಯೊಂದು ಮೂಗಿಗೆ ಬಂತು. ಡೀಸೆಲ್ಲೂ ರಾಗಿಹಿಟ್ಟೂ ಬೆರೆತ ವಾಸನೆ.

ಏಕೆಂದರೆ, ನೋಡಿ, ಆ ಪ್ರಶ್ನೆ ನನ್ನದಲ್ಲ. ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ನಮ್ಮ ಗಂಗತ್ತೆಯದು. ಓದುವಾಗ ನನಗೂ ಇದೇ ವಿಷಯದ ಸೆಮಿನಾರ್ ಇತ್ತು. ಅವಳ ಡೀಸೆಲ್ ಎಂಜಿನ್ನಿನ ಮುಂದೆ ನಿಂತು, "ಅತ್ತೆ, ಇದೆಲ್ಲ ಗುಜರಿ. ಮುಂದೆ ಕ್ರ್ಯಾಂಕೇ ಇರಲ್ಲ" ಎಂದು ಕೊಚ್ಚಿಕೊಂಡಿದ್ದೆ. ಅವಳು ಒಂದು ಕೈಯಲ್ಲಿ ಮೊಮ್ಮಗನ ತೊಟ್ಟಿಲಿನ ಹಗ್ಗ ಎಳೆಯುತ್ತ, ಇನ್ನೊಂದು ಕೈಯಲ್ಲಿ ರಾಗಿ ಸುರಿಯುತ್ತಿದ್ದಳು. ಎಂಜಿನ್ನಿನ ಸದ್ದು ನಿಂತರೆ ಆ ಮಗುವಿಗೆ ಎಚ್ಚರವಾಗುತ್ತಿತ್ತು, ಅದು ಬೇರೆ ಮಾತು.

"ಬೀಸೋ ಕಲ್ಲಿನ ಗೂಟ ಹಿಡ್ದೋರ ಕೈ ಎಷ್ಟು ದೂರ ಹೋಗ್ಬೇಕೋ ಗೂಟಾನೇ ನೋಡ್ಕೊಳ್ತೈತೆ. ನಿನ್ ಕ್ರ್ಯಾಂಕೂ ಅಷ್ಟೇ ತಾನೆ? ಅದ್ನೇ ಕಿತ್ತಾಕಿದ್ರೆ, ಎಲ್ಲಿ ನಿಲ್ಬೇಕು ಅಂತ ಯಾರ್ಲಾ ಹೇಳೋರು?"

"ಅದೇ ನಿಲ್ಲುತ್ತೆ ಬಿಡತ್ತೆ."

"ಹಂಗಾ? ತಗೋ, ತೂಗು," ಎಂದು ಹಗ್ಗ ನನ್ನ ಕೈಗಿಟ್ಟಳು.

ಎಳೆದೆ. ಎರಡನೇ ಸಲ ಇನ್ನೂ ಜೋರಾಗಿ ಎಳೆದೆ. ಮೂರನೇ ಸಲಕ್ಕೆ ತೊಟ್ಟಿಲು ರಾಗಿ ಮೂಟೆಗೆ ಬಡಿದು, ಮಗು ಕಿಟಾರನೆ ಕಿರುಚಿತು.

"ಇದೇ ಕಣೋ ನಿನ್ ಎಂಜಿನ್ನು! ಒಂದೊಂದ್ ಸಲಕ್ಕೂ ಎಲ್ಲೀಗಂಟ ಬಂತು ಅಂತ ನೋಡ್ಕೊಂಡು ಎಳೀಬೇಕು," ಎಂದು ಮಗುವನ್ನು ಎತ್ತಿಕೊಂಡಳು.

ನನ್ನ ಸೆಮಿನಾರಿನಲ್ಲಿ ಮೇಷ್ಟ್ರು ಕೇಳಿದ್ದೂ ಅದನ್ನೇ! ಪಿಸ್ಟನ್ ಎಲ್ಲಿದೆ ಎಂದು ಪ್ರತಿ ಸಲವೂ ಅಳೆದು ತಡೆಯಬೇಕು, ಇಲ್ಲದಿದ್ದರೆ ಸಿಲಿಂಡರಿನ ತಲೆಗೆ ಬಡಿಯುತ್ತದೆ ಎಂದೆ. ಹಾಗೆ ತಡೆಯಲು ಬಂದರೆ ಅದರ ಓಟವನ್ನು ಹೆಚ್ಚುಕಡಿಮೆ ಮಾಡಿ ಬೇರೆ ಬೇರೆ ಇಂಧನಕ್ಕೂ ಒಗ್ಗಿಸಬಹುದು ಎಂದೂ ಸೇರಿಸಿದೆ. ತೊಟ್ಟಿಲಿನ ಹೋಲಿಕೆ ಕೊಟ್ಟು ಪಾಸಾದೆ. ಅತ್ತೆಯ ಹೆಸರು ಮಾತ್ರ ಎತ್ತಲಿಲ್ಲ. ಎಲ್ಲ ನನ್ನದೇ ತಲೆ ಎಂಬಂತೆ ಬೀಗಿದೆ. ನಾಚಿಕೆಗೇಡು.

"ಮನೇಲಿ ಯಾರನ್ನಾದ್ರೂ ತೊಟ್ಟಿಲಲ್ಲಿ ತೂಗಿದೀಯೇನಮ್ಮ?" ಎಂದು ನಂದಿನಿಯನ್ನು ಕೇಳಿದೆ.

"ತಮ್ಮನ್ನ ತೂಗಿದೀನಿ ಸಾರ್. ಗೋಡೆ ಹತ್ರ ಬರ್ತಿದ್ದಂಗೆ ಹಗ್ಗ..." ಎನ್ನುತ್ತ ಗಾಳಿಯಲ್ಲೇ ಹಗ್ಗ ಹಿಡಿದು ತಡೆದು ತೋರಿಸಿದಳು. "ಓ! ಪ್ರತಿ ಸಲಾನೂ ನೋಡ್ಕೊಂಡು ತಡೀಬೇಕು ಸಾರ್!"

ಪಾಸು ಮಾಡಿದೆ. ಇದು ಗುಬ್ಬಿಯ ನಮ್ಮತ್ತೆ ಕಲಿಸಿದ್ದು ಎಂದು ಇಡೀ ಕ್ಲಾಸಿಗೆ ಹೇಳಿದೆ. ಮನಸ್ಸು ಎಷ್ಟು ಹಗುರಾಯಿತು ಅಂತೀರಿ! ಸಂಜೆ ಅತ್ತೆಗೂ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ.

"ಅಯ್ಯೋ, ಬುಡ್ಲಾ," ಎಂದು ನಕ್ಕಳು. "ಅವತ್ತು ಕಿರುಚಿದ್ನಲ್ಲ, ಅವ್ನಿಗೀಗ ಮಗಳು ಹುಟ್ಟವ್ಳೆ. ಭಾನುವಾರ ಬಾ. ಹಗ್ಗ ನಿನ್ ಕೈಗೇ ಕೊಡ್ತೀನಿ."