ಭೋಗಿಯ ಬೆಂಕಿಗೆ ಹಾಕಿದ ಪಟ

ತಮ್ಮಾ, ನಿನ್ನ ಪಟವನ್ನು ಭೋಗಿಯ ಬೆಂಕಿಗೆ ಹಾಕಿದವಳು ನಾನು. ನಿನ್ನ ಹೆಂಡತಿ ಸರಸು ಅಲ್ಲ — ನಾನು.

ಕೊಡೈಕಾನಲ್ಲಿನ ಬಂಗಲೆಯಲ್ಲಿ ನೀನು ತೋಟದ ಕೆಲಸಕ್ಕಿದ್ದಾಗ, ಊರು ಬಿಟ್ಟು ಹೊರಟ ಮುದುಕಿ ದೊರೆಸಾನಿ ಕೊಟ್ಟ ಪಟ ಅದು. ಅವರ ಮುತ್ತಾತನ ಕಾಲದಲ್ಲಿ ಯಾರೋ ಬಿಳಿಯ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದಂತೆ. ಮುರಿದ ಕಂಬಗಳು, ಕಮಾನಿನ ಮೇಲೆ ಬೆಳೆದ ಹುಲ್ಲು, ಸಂಜೆಯ ಹಳದಿ ಬೆಳಕು, ಮೂಲೆಯಲ್ಲಿ ಉಗುರಿನಷ್ಟು ಪುಟ್ಟ ಒಬ್ಬ ಆಡು ಕಾಯುವವನು. "ಅಕ್ಕಾ, ಇವ್ನು ನಮ್ಮಪ್ಪನ ಹಂಗೇ ನಿಂತವ್ನೆ ನೋಡು" ಎಂದಿದ್ದೆ ನೀನು. ನಾನು ನೋಡಲಿಲ್ಲ. ನನಗೆ ಕಂಡದ್ದು ಪಾಳುಬಿದ್ದ ಮನೆ ಮಾತ್ರ.

ಗಂಡ ಸತ್ತ ಮೇಲೆ ಮಗಳನ್ನು ಕರೆದುಕೊಂಡು ಉತ್ತಮಪಾಳಯದ ನಿನ್ನ ಮನೆಯಲ್ಲೇ ಇದ್ದೆನಲ್ಲ. ಅವಳನ್ನು ನೋಡಲು ಬಂದವರಲ್ಲಿ ಒಬ್ಬ ಅಜ್ಜಿ ಗೋಡೆ ನೋಡಿ, "ಬಿದ್ದೋದ ಮನೇನ ತೂಗಾಕ್ಕಂಡು, ಬಾಳೋ ಮನೆಗೆ ಹೆಣ್ಣು ಕೊಡ್ತೀರಾ?" ಎಂದಳು. ಆ ಸಂಬಂಧ ತಪ್ಪಿತು. ಪೊಂಗಲ್ಲಿನ ಹಿಂದಿನ ದಿನ ಬೆಳಿಗ್ಗೆ ಹಳೆಯ ಚಾಪೆ, ಸವೆದ ಪೊರಕೆ ಸುಡುತ್ತೇವಲ್ಲ — ಅದರ ಜೊತೆ ಅದನ್ನೂ ಹಾಕಿದೆ. ಬಟ್ಟೆ ಸುರುಳಿ ಸುತ್ತಿತು. ಆಡು ಕಾಯುವವನು ಕೊನೆಗೆ ಉರಿದ. ಆಗ ನೋಡಿದೆ. ಅಪ್ಪನೇ — ಒಂದು ಕಾಲು ಮಡಚಿ, ಕೋಲಿಗೆ ಗದ್ದ ಊರಿ...

ನೀನು ಕೇಳಿದ್ದು ಸರಸುವನ್ನು. "ನಿಂತ ಮನೆಗೆ ಸುಣ್ಣ ಹೊಡೆಯಾಕಾಗ್ದೋನು, ಬಿದ್ದ ಮನೆ ಹೊತ್ಕಂಡು ಬಂದವ್ನೆ" ಎಂದು ಅವಳು ಪಟ ನೋಡಿದಾಗೆಲ್ಲ ನಗುತ್ತಿದ್ದಳು. ಆ ನಗುವೇ ಅವಳಿಗೆ ಮುಳುವಾಯಿತು. ದೀಪ ಮುಟ್ಟಿ ಆಣೆ ಇಟ್ಟಳು. "ಸುಳ್ಳಾಣೆ ಬೇರೆ" ಎಂದೆ ನೀನು. ಆ ದೀಪಕ್ಕೆ ಆಗತಾನೆ ಎಣ್ಣೆ ಹಾಕಿದವಳು ನಾನು. ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ.

ಹೇಳಬಹುದಿತ್ತು. ಮಗಳ ಮದುವೆಯಾಗಲಿ ಅಂದುಕೊಂಡೆ — ಆಯಿತು. ಮೊಮ್ಮಗು ಹುಟ್ಟಲಿ ಅಂದುಕೊಂಡೆ... ಅಷ್ಟರಲ್ಲಿ ಸರಸು ನಗುವುದನ್ನೇ ಬಿಟ್ಟಿದ್ದಳು. ಈಗಲೂ ಸಿಟ್ಟು ಬಂದರೆ ನೀನು ಅವಳನ್ನು "ಸುಳ್ಳಾಣೆಯವಳು" ಅನ್ನುತ್ತೀಯ. ಅವಳು ತಲೆ ತಗ್ಗಿಸುತ್ತಾಳೆ. ಆಂಡಿಪಟ್ಟಿಯ ಮಗಳ ಮನೆಯಿಂದ ನಾನು ಬಂದಾಗ ಮೊದಲ ಎಲೆ ನನಗೇ ಹಾಕುತ್ತಾಳೆ: "ಕೂತ್ಕಳಿ ಅತ್ತಿಗೆ, ಆರೋಯ್ತದೆ." ನಾನು ಕೂರುತ್ತೇನೆ. ಉಣ್ಣುತ್ತೇನೆ.

ಬರೆದರೆ ಸಾಲದು. ಈ ಭೋಗಿಗೆ ಆಂಡಿಪಟ್ಟಿಯಿಂದ ಬರುತ್ತೇನೆ. ಅದೇ ದೀಪ ಮುಟ್ಟಿ, ಸರಸುವಿನ ಎದುರಿಗೇ ಹೇಳುತ್ತೇನೆ. ಆಗ ನನ್ನ ಮುಖ ನೋಡಬೇಡ, ತಮ್ಮಾ. ಅವಳ ಮುಖ ನೋಡು.